ಬಿಡಿಸುವ ಕೈಯನ್ನು ಮೊದಲು ನೋಡಬೇಕಿತ್ತು

ಮಂಗಳೂರಿನ ಬೈಕಂಪಾಡಿಯಲ್ಲಿ, ಬಿಸಿ ಪ್ಲಾಸ್ಟಿಕ್ಕಿಗೆ ಗಾಳಿ ಊದಿ ಬಾಟಲಿ ಮಾಡುವ ಒಂದು ಬ್ಲೋ ಮೋಲ್ಡಿಂಗ್ ಘಟಕದಲ್ಲಿ ಬಾಟಲಿ ಮತ್ತು ಅಚ್ಚುಗಳ ಡ್ರಾಯಿಂಗ್ ಮಾಡುವುದು ನನ್ನ ಕೆಲಸ. ಒಂದು ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಒಬ್ಬರು ಬಂದರು. ಬೋಟುಗಳಿಗೆ ರೇಷನ್ ಸಾಮಾನು ಒದಗಿಸುವವರು. ಆಳಸಮುದ್ರಕ್ಕೆ ಹೋದ ಬೋಟು ಎಂಟು-ಹತ್ತು ದಿನ ತಿರುಗಿ ಬರುವುದಿಲ್ಲ, ಅಡುಗೆಮೂಲೆಯಲ್ಲಿಟ್ಟ ಎರಡು ಲೀಟರಿನ ಎಣ್ಣೆ, ನೀರಿನ ಬಾಟಲಿಗಳು ಅಲೆಗೆ ಉರುಳಾಡುತ್ತವೆ. ಒಂದಕ್ಕೊಂದು ಜೋಡಿಸಿ ಸಾಲಾಗಿ ನಿಲ್ಲಿಸುವಂತಿರಬೇಕು, ಬೇಕೆಂದಾಗ ಬಿಡಿಸಿಕೊಳ್ಳುವಂತಿರಬೇಕು ಎಂದರು. ಮಗನ ಎರಡು ಲೆಗೊ ಇಟ್ಟಿಗೆ ಮೇಜಿನ ಮೇಲಿಟ್ಟು, ಟಕ್ ಎಂದು ಕೂಡಿಸಿ, ಮತ್ತೆ ಬಿಡಿಸಿ, "ಹೀಗೆ" ಎಂದು ತೋರಿಸಿದರು. ಜೂನ್, ಜುಲೈ ಎರಡು ತಿಂಗಳು ಯಾಂತ್ರೀಕೃತ ಬೋಟುಗಳಿಗೆ ರಜೆ. ಆಗಸ್ಟ್‌ನಲ್ಲಿ ಬೋಟು ಹೊರಡುವಾಗ ಮಾಲು ಕೈಯಲ್ಲಿರಬೇಕಿತ್ತು.

ಆ ಟಕ್ ಎಂಬ ಸದ್ದಿನ ಹಿಂದೆಯೇ ನಾನು ನಾಲ್ಕು ತಿಂಗಳು ಓಡಿದೆ.

ಲೆಗೊ ಇಟ್ಟಿಗೆ ಆಗುವುದು ಇಂಜೆಕ್ಷನ್ ಮೋಲ್ಡಿಂಗ್‌ನಲ್ಲಿ. ಪ್ಲಾಸ್ಟಿಕ್ಕಿನ ಒಳಗೂ ಹೊರಗೂ ಉಕ್ಕಿನ ಅಚ್ಚು ಇರುತ್ತದೆ, ದಪ್ಪ ಎಷ್ಟೆಂದು ಉಕ್ಕೇ ತೀರ್ಮಾನಿಸುತ್ತದೆ. ಅದಕ್ಕೆ ಬಳಸುವ ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ ತಣಿದಾಗ ಕುಗ್ಗುವುದೂ ಕಡಿಮೆ. ನಮ್ಮದು ಎಚ್‌ಡಿಪಿಇ, ಡಬ್ಬ-ಕ್ಯಾನುಗಳಿಗೆ ಬಳಸುವ ಪ್ಲಾಸ್ಟಿಕ್. ಬಿಸಿ ಕೊಳವೆಯೊಂದು ಮೇಲಿನಿಂದ ಇಳಿಯುತ್ತದೆ, ಅಚ್ಚಿನ ಎರಡು ಹೋಳು ಅದನ್ನು ಹಿಡಿದುಕೊಳ್ಳುತ್ತವೆ, ಒಳಗಿನಿಂದ ಗಾಳಿ ಊದುತ್ತೇವೆ. ಹೊರಮೈಗೆ ಮಾತ್ರ ಲೋಹ ತಾಗುತ್ತದೆ, ಒಳಗಿರುವುದು ಬರೀ ಗಾಳಿ. ಮೈಯ ದಪ್ಪ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ತಣಿಯುವಾಗ ಶೇಕಡಾ ಎರಡರ ಆಸುಪಾಸು ಕುಗ್ಗುತ್ತದೆ, ಅದೂ ಎಲ್ಲ ಕಡೆ ಒಂದೇ ಸಮನಲ್ಲ.

ಬಾಟಲಿಯ ಒಂದು ಬದಿಗೆ ಬಡಗಿಯವರ ಡವ್‌ಟೇಲ್ ಜೋಡಣೆಯಂತೆ ತುದಿ ಅಗಲವಾದ ಬಾಲ, ಇನ್ನೊಂದು ಬದಿಗೆ ಅದೇ ಆಕಾರದ ಗ್ರೂವ್, ಅಂದರೆ ಗಾಡಿ, ಕೊಟ್ಟೆ. ಮೇಲಿನಿಂದ ಇಳಿಸಿದರೆ ಕೂಡಬೇಕು. ನಡುವಿನ ಎಡೆ 0.2 ಮಿಲಿಮೀಟರ್. ಪ್ರಯೋಗದ ಅಚ್ಚಿನಿಂದ ಮೊದಲ ಬಾಟಲಿಗಳು ಬಿದ್ದ ಸಂಜೆಯೇ ಸೂಕ್ಷ್ಮ ಅಳತೆಯ ಸಾಧನ ವರ್ನಿಯರ್ ಹಿಡಿದು ಅಳೆದೆ, ಕೂಡಿಸಿದೆ. ಬೆಣ್ಣೆಯಂತೆ ಇಳಿಯಿತು. ಫೋಟೋ ತೆಗೆದು ಮಲ್ಪೆಗೆ ಕಳಿಸಿಯೂ ಬಿಟ್ಟೆ. ಎರಡು ದಿನ ಬಿಟ್ಟು ನೋಡಿದರೆ ಅದೇ ಬಾಟಲಿಗಳು ಅರ್ಧಕ್ಕೇ ಸಿಕ್ಕಿಹಾಕಿಕೊಂಡವು.

ಎಚ್‌ಡಿಪಿಇ ಯಂತ್ರದಿಂದ ಹೊರಬಿದ್ದ ಮೇಲೂ ಒಂದೆರಡು ದಿನ ಕುಗ್ಗುತ್ತಲೇ ಇರುತ್ತದೆ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಗೊತ್ತಿದ್ದೂ ಸಂಜೆಯೇ ಅಳೆದೆ, ತಪ್ಪು ಪೂರ್ತಿ ನನ್ನದು. ಬಾಲದ ಜಾಗಕ್ಕೆ ಪ್ಲಾಸ್ಟಿಕ್ ಎಳೆದುಕೊಂಡು ಹೋಗುವುದರಿಂದ ಅಲ್ಲಿ ಮೈ ತೆಳು. ಬೇಗ ತಣಿಯುತ್ತದೆ, ಕಡಿಮೆ ಕುಗ್ಗುತ್ತದೆ. ಗ್ರೂವಿನ ಸುತ್ತ ದಪ್ಪ. ನಿಧಾನ ತಣಿದು ಹೆಚ್ಚು ಕುಗ್ಗುತ್ತದೆ. 12 ಮಿಲಿಮೀಟರಿನ ಗ್ರೂವಿಗೆ ಶೇಕಡಾ ಎರಡೆಂದರೆ 0.24. ಬಾಲ ಅಷ್ಟು ಕುಗ್ಗದಿದ್ದರೆ ಕೊಟ್ಟ ಎಡೆ ಉಳಿಯುವುದೇ ಕಷ್ಟ. ಇನ್ನು ಎರಡು ಲೀಟರ್ ನೀರು ತುಂಬಿದರೆ ಬದಿ ಉಬ್ಬುವುದು ಬೇರೆ.

ಎರಡನೇ ಸಲ ಬಾಲವನ್ನೂ ಗ್ರೂವನ್ನೂ ಕೆಳಮುಖವಾಗಿ ಕಿರಿದಾಗಿಸಿದೆ. ಒಂದಿಷ್ಟು ಇಳಿಜಾರಿದ್ದರೆ ಅಳತೆ ಹೆಚ್ಚುಕಡಿಮೆಯಾದರೂ ಎಲ್ಲೋ ಒಂದು ಕಡೆ ಸರಿಯಾಗಿ ಕೂರುತ್ತದೆ ಎಂಬ ಲೆಕ್ಕ. ನೀರು ತುಂಬಿದ ಆರು ಬಾಟಲಿ ಜೋಡಿಸಿ ಕಂಪ್ರೆಸರ್ ಪಕ್ಕದ ಕಟ್ಟೆಯ ಮೇಲಿಟ್ಟು ಶನಿವಾರ ಮನೆಗೆ ಹೋದೆ. ಸೋಮವಾರ ಬಂದರೆ ಅದುರಿ ಅದುರಿ ಪ್ರತಿಯೊಂದೂ ಕೂದಲೆಳೆಯಷ್ಟು ಇಳಿದು ಕಚ್ಚಿಕೊಂಡಿತ್ತು. ಒಂದನ್ನು ಬಿಡಿಸಲು ಇಬ್ಬರು ಬೇಕಾಯಿತು. ನಮ್ಮ ಟೂಲ್ ರೂಮಿನ ಹಿರಿಯ ಫಿಟ್ಟರ್ ಡ್ರಿಲ್ ಮಷಿನ್ ಕಡೆ ಕೈ ತೋರಿಸಿದರು, ಏನೂ ಹೇಳಲಿಲ್ಲ. ಬಿಟ್ ಕೂರುವ ಅದರ ಇಳಿಜಾರು ತೂತು, ಮೋರ್ಸ್ ಟೇಪರ್ ಕೂಡ ಇದೇ ಇಳಿಜಾರಿನಿಂದಲೇ ಬಿಟ್ ಹಿಡಿದುಕೊಳ್ಳುವುದು, ಬಿಡಿಸಲು ಬೆಣೆ ಬಡಿಯಬೇಕು. ಬೋಟಿನಲ್ಲಿ ಎಂಜಿನ್ ಹಗಲೂ ರಾತ್ರಿ ಅದುರುತ್ತಿರುತ್ತದೆ.

ಆಮೇಲೆ ಮಲ್ಪೆಗೆ ಹೋದೆ. ಅಷ್ಟು ತಿಂಗಳಲ್ಲಿ ಅದೇ ಮೊದಲ ಸಲ.

ಬಂದರಿನಲ್ಲಿ ಬಲೆ ಹೊಲಿಯುತ್ತಾ ಕುಳಿತಿದ್ದ ಒಬ್ಬ ಕಲಾಸಿಯ (ಬೋಟಿನ ಕೆಲಸಗಾರರ) ಮುಂದೆ ನಾಲ್ಕು ಬಾಟಲಿ ಜೋಡಿಸಿಟ್ಟು, ಒಂದು ತೆಗೆಯಿರಿ ಅಂದೆ. ಅವರು ಪಕ್ಕದ ಬಕೆಟಿನಲ್ಲಿ ಕೈ ಅದ್ದಿದರು. ಬೋಟಿನಲ್ಲಿ ಒಣಗಿದ ಕೈ ಎಲ್ಲಿರುತ್ತದೆ ಎಂದು ಅವರೇ ಹೇಳಿದರು. ನಾನು ಕಾರ್ಖಾನೆಯಲ್ಲಿ ಯಾವತ್ತೂ ತುದಿಯ ಬಾಟಲಿಯಿಂದಲೇ ಶುರುಮಾಡುತ್ತಿದ್ದೆ. ಅವರು ಹಿಡಿದದ್ದು ನಡುವಿನದ್ದು, ಎಣ್ಣೆ ಇದ್ದದ್ದು ಅದರಲ್ಲೇ ತಾನೇ. ಎತ್ತಿದಾಗ ಎಡಗಡೆಯದ್ದೂ ಜೊತೆಗೆ ತೂಗಿಕೊಂಡು ಬಂತು. ಗ್ರೂವ್ ಕೆಳಗೆ ಕಿರಿದಾಗಿದ್ದರಿಂದ ಪಕ್ಕದ ಬಾಟಲಿಯ ಬಾಲ ಅದರೊಳಗೆ ಕೂತಿತ್ತು, ಎತ್ತಿದವರ ಕೈಗೆ ಅದರ ಭಾರವೂ ಬಿತ್ತು. ಅವರ ಅಂಗೈ ಜಾರಿತು. ಮತ್ತೆ ಬಾಟಲಿ ತಿರುಗಿಸಿ, ಗ್ರೂವಿನ ತುದಿಯಲ್ಲಿ ಸೇರಿದ್ದ ಒಂದು ಚಿಟಿಕೆ ಮರಳನ್ನು ಉಗುರಿನಿಂದ ಕೆರೆದು ತೋರಿಸಿದರು.

ಊರಿಗೆ ಹೋಗಿದ್ದಾಗ ಮಳೆಗಾಲದ ಮೊದಲು ಮಾಡಿನ ಹಂಚು ಬದಲಿಸುವ ಕೆಲಸ ನಡೆಯುತ್ತಿತ್ತು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದಂದಿನಿಂದ ನಮ್ಮ ಕಡೆಯ ಮನೆಗಳ ತಲೆಯ ಮೇಲಿರುವ ವಸ್ತು, ನಾನು ಚಿಕ್ಕಂದಿನಿಂದ ನೋಡಿದ್ದೇ. ಆ ದಿನ ಕೈಯಲ್ಲಿ ಎರಡು ಹಂಚು ಹಿಡಿದು ಕೂಡಿಸಿದೆ. ಲೊಡಲೊಡ ಅಲ್ಲಾಡಿತು. ಬೆಂದ ಮಣ್ಣು ಒಂದೊಂದೂ ಒಂದೊಂದು ಥರ ಸೊಟ್ಟಗಾಗಿರುತ್ತದೆ, ಆ ಸೊಟ್ಟಕ್ಕೆಂದೇ ಜಾಗ ಬಿಟ್ಟಿದ್ದಾರೆ. ಹಿಡಿದಿಡುವ ಕೆಲಸ ಬಿಗಿತದ್ದಲ್ಲ, ಹಂಚಿನ ಸ್ವಂತ ಭಾರದ್ದು, ರೀಪಿಗೆ ಸಿಕ್ಕಿಸಿದ ಮೂಗಿನದ್ದು. ಒಡೆದದ್ದು ಮಾಡಿನ ನಟ್ಟನಡುವೆ ಇದ್ದರೂ ಮೇಲಿನದ್ದನ್ನು ಸ್ವಲ್ಪ ಎತ್ತಿ ಅದೊಂದನ್ನೇ ಎಳೆದು ತೆಗೆದರು.

ಮೂರನೇ ಡ್ರಾಯಿಂಗಿನಲ್ಲಿ ಎಡೆ 0.8 ಮಿಲಿಮೀಟರ್. ಇಳಿಜಾರು ತೆಗೆದುಹಾಕಿ ಬಾಲದ ತುದಿಯಲ್ಲಿ ಮಾತ್ರ ಸ್ವಲ್ಪ ಚೂಪು ಉಳಿಸಿದೆ, ಕಣ್ಣು ಹಾಯಿಸದೆ ಇಳಿಸಲು. ಗ್ರೂವ್ ಮೇಲೂ ಕೆಳಗೂ ತೆರೆದಿದೆ. ಹೇಗೂ ಬಾಟಲಿ ನಿಲ್ಲುವುದು ಹಲಗೆಯ ಮೇಲೆ, ತಡೆ ಯಾಕೆ ಬೇಕು? ಮರಳು, ಉಪ್ಪು ಕೆಳಗೆ ಉದುರಿಹೋಗುತ್ತದೆ, ನಡುವಿನದ್ದನ್ನು ಎತ್ತಿದರೆ ಅದೊಂದೇ ಬರುತ್ತದೆ. ಟಕ್ ಎನ್ನಿಸಲು ಇಟ್ಟಿದ್ದ ಚಿಕ್ಕ ಉಬ್ಬನ್ನೂ ಅಳಿಸಿದೆ. ದಿನಗಟ್ಟಲೆ ಒತ್ತಡದಲ್ಲಿ ಬಾಗಿ ನಿಂತರೆ ಎಚ್‌ಡಿಪಿಇ ಹಾಗೇ ಬಾಗಿಯೇ ಉಳಿಯುತ್ತದೆ, ಹತ್ತು ದಿನದ ಮೇಲೆ ಆ ಉಬ್ಬಿಗೆ ಹಿಡಿತವೇ ಇರುವುದಿಲ್ಲ.

ಮಲ್ಪೆಯವರು ಖಾಲಿ ಬಾಟಲಿ ಅಲ್ಲಾಡಿಸಿ ಮುಖ ಸಣ್ಣ ಮಾಡಿದರು. ನೀರು ತುಂಬಿಸಿ ಜೋಡಿಸಿಕೊಟ್ಟೆ. ಬದಿ ಉಬ್ಬಿ ಅಲ್ಲಾಟ ಬಹುಪಾಲು ನಿಂತಿತು. ಕೈ ಒದ್ದೆ ಮಾಡಿಕೊಂಡು ನಡುವಿನದ್ದು ತೆಗೆಯಿರಿ ಅಂದೆ. ತೆಗೆದರು, ಮತ್ತೆ ಇಳಿಸಿದರು, ಮತ್ತೆ ತೆಗೆದರು.

ಆಗಸ್ಟ್‌ನ ಮೊದಲ ಸುತ್ತು ಮುಗಿಸಿ ಬಂದ ಬೋಟಿನಿಂದ ಎಂಟು ಬಾಟಲಿ ವಾಪಸು ತರಿಸಿಕೊಂಡೆ. ಗ್ರೂವಿನಲ್ಲಿ ಒಂದು ಮೀನಿನ ಚಿಪ್ಪು ಅಂಟಿತ್ತು, ಉಪ್ಪು ಹೆಪ್ಪುಗಟ್ಟಿರಲಿಲ್ಲ. ಆದರೆ ಎರಡು ಬಾಟಲಿಗಳ ಬಾಲದ ಅಂಚು ಉಜ್ಜಿ ಬೆಳ್ಳಗಾಗಿದೆ. ಕೊಯ್ದು ಅಳೆದೆ, ಅಲ್ಲಿ ದಪ್ಪ ಸಾಲದು. ಕೊಳವೆ ಇಳಿಯುವಾಗ ಆ ಮಟ್ಟದಲ್ಲಿ ಇನ್ನಷ್ಟು ಪ್ಲಾಸ್ಟಿಕ್ ಬೀಳುವಂತೆ ಯಂತ್ರದ ಪ್ರೋಗ್ರಾಂ ಬದಲಿಸಿದ್ದೇವೆ. ನಿನ್ನೆ ಹೊರಬಿದ್ದ ಬಾಟಲಿಗಳು ಕಪಾಟಿನಲ್ಲಿವೆ, ನಾಳೆ ಸಂಜೆಯವರೆಗೆ ವರ್ನಿಯರ್ ಮುಟ್ಟುವುದಿಲ್ಲ.