ನದಿಯಲ್ಲಿ ತೋರಿಸಿ ಸಮುದ್ರಕ್ಕೆ ಕೊಟ್ಟ ದೋಣಿ

ದಕ್ಷಿಣ ಗೋವಾದ ಒಂದು ಫೈಬರ್ ದೋಣಿ ವರ್ಕ್‌ಶಾಪಿನಲ್ಲಿ ನನ್ನ ಕೆಲಸ. ಗಾಜಿನ ನಾರಿನ ಮ್ಯಾಟ್ ಹಾಸುವುದು, ಅದರ ಮೇಲೆ ರೆಸಿನ್ ಅನ್ನುವ ಅಂಟು ಬಳಿಯುವುದು, ಇಂಜಿನ್ ಕೂರಿಸುವುದು. ಗಿರಾಕಿ ಕನ್ನಡದವರಾದರೆ ಮಾತಾಡುವುದೂ ನಾನೇ, ಅಂಕೋಲೆಯವನಲ್ವಾ.

ಹಾಗೆ ಒಬ್ಬರು ಬಂದರು. ಕುಮಟಾ ಕಡೆಯವರು, ಬೇತೂಲ್ ಹತ್ತಿರದ ಕುಟ್ಬಣ ಜೆಟ್ಟಿಯಲ್ಲಿ ವರ್ಷಗಟ್ಟಲೆ ಟ್ರಾಲರ್ ಮೇಲೆ ದುಡಿದವರು. ಇನ್ನು ಸ್ವಂತ ದೋಣಿ, ಬಾವನ ಜೊತೆ ಅಗೋಂದದಿಂದ ಬಲೆ ಹಾಕುವುದು ಅಂತ ಲೆಕ್ಕಾಚಾರ. ಅಗಲವಾದ, ಚಪ್ಪಟೆ ತಳದ ದೋಣಿ ತೋರಿಸಿದೆ. ಸಾಳ್ ನದಿಯಲ್ಲಿ ಓಡಿಸಿದೆವು. ಗಿರಾಕಿ ಅಣ್ಣ ಅಂಚಿನ ಮೇಲೆ ನಿಂತು ಕುಣಿದರೂ ಅದು ವಾಲಲಿಲ್ಲ. "ಇದೇ ಆಗ್ಲಿ ತಮ್ಮಾ" ಅಂದರು. ಇಂಜಿನ್ ಮಾತ್ರ 25 ಎಚ್‌ಪಿ ಬೇಕು ಎಂದರು. ಹಾಕಿಕೊಟ್ಟೆ.

ತಪ್ಪು ಅಲ್ಲೇ ಆಯಿತು. ನದಿಯಲ್ಲಿ ಅಲುಗದ ದೋಣಿ ತೆರೆ ಒಡೆಯುವ ದಂಡೆಯಲ್ಲಿ ಬೇರೆಯೇ ಪ್ರಾಣಿ. ಪಕ್ಕದ ಪಾಳೊಳೆ (ಪಾಲೋಲೆಮ್) ದಂಡೆಯಲ್ಲಾದರೆ ನಡೆದೀತು, ಅಲ್ಲಿ ಗುಡ್ಡ ಅಡ್ಡ ಇದೆ, ನೀರು ಶಾಂತವಾಗಿರುತ್ತದೆ. ಅಗೋಂದ ನೇರ ಸಮುದ್ರಕ್ಕೆ ಬಾಯಿ ತೆರೆದ ದಂಡೆ.

ಎರಡನೇ ವಾರ, ಬಲೆ ಎತ್ತಿ ವಾಪಸ್ ಬರುವಾಗ ಹಿಂದಿನಿಂದ ತೆರೆ ಬಂತು. ಅಗಲದ ಹಿಂಭಾಗವನ್ನು ಹಾಗೇ ಎತ್ತಿತು. ಗಿಡ್ಡ ಮೂತಿ ನೀರಿಗೆ ಹೊಕ್ಕಿತು, ದೋಣಿ ಅಡ್ಡ ತಿರುಗಿತು, ಮುಂದಿನ ತೆರೆ ಒಳಗೇ ಬಂದು ಕೂತಿತು. ಲೆಕ್ಕ ಹಾಕಿ ನೋಡಿ: 5 ಮೀಟರ್ ಉದ್ದ, 1.2 ಮೀಟರ್ ಅಗಲದ ತಳದಲ್ಲಿ ಬರೀ 10 ಸೆಂಟಿಮೀಟರ್ ನೀರು ನಿಂತರೂ 600 ಕಿಲೋ. ಇಬ್ಬರೂ ಈಜಿ ದಡ ಸೇರಿದರು, ಅದೊಂದು ಪುಣ್ಯ. ಬಲೆ ಹೋಯಿತು.

ಇಂಜಿನ್ ಮಾತ್ರ ನನ್ನ ಬೆಂಚಿಗೆ ಬಂತು. ಸ್ಪಾರ್ಕ್ ಪ್ಲಗ್ ಬಿಚ್ಚಿ ಹಗ್ಗ ಎಳೆದೆ. ತೂತಿನಿಂದ ಉಪ್ಪುನೀರು, ಮರಳು ಪಿಚಕಾರಿಯ ಹಾಗೆ ನನ್ನ ಮುಖಕ್ಕೇ ಹೊಡೆಯಿತು. ಸಿಹಿನೀರಲ್ಲಿ ತೊಳೆದು, ಒಣಗಿಸಿ, ಎಣ್ಣೆ ಬಿಟ್ಟೆ. ಅಣ್ಣ ಪಕ್ಕದಲ್ಲಿ ನಿಂತು ನೋಡಿದರು. ಕೊನೆಗೆ ಒಂದೇ ಮಾತು: "ಏನ್ ಮಾರಾಯಾ, ನದೀಲಿ ತೋರ್ಸಿ ಸಮುದ್ರಕ್ಕೆ ಕೊಟ್ಯಲ್ಲ!"

ಬೈದಿದ್ದರೆ ಸಮಾಧಾನ ಆಗುತ್ತಿತ್ತು.

ಅಣ್ಣನಿಗೆ ಎರಡನೇ ದೋಣಿ ಮಾಡುವ ಮೊದಲು ದಂಡೆಗೆ ಹೋದೆ. ರಂಪಣಿ, ಅಂದರೆ ದಡದಿಂದ ಎಳೆಯುವ ದೊಡ್ಡ ಬಲೆ (ಇಲ್ಲಿ ರಾಂಪೊಣ್ ಅಂತಾರೆ), ಎಳೆಯುವ ಹಳಬರು ದೋಣಿ ಇಳಿಸುವ ಮುಂಚೆ ಸುಮ್ನೆ ನಿಂತು ಸಮುದ್ರ ನೋಡುತ್ತಿದ್ದರು. ದೊಡ್ಡ ತೆರೆಗಳು ಗುಂಪಾಗಿ ಬರುತ್ತವೆ, ಆಮೇಲೆ ಸ್ವಲ್ಪ ಹೊತ್ತು ಬಿಡುವು. ಆ ಬಿಡುವಿನಲ್ಲಿ ತಳ್ಳಿ, ಹತ್ತಿ, ಹೊರಗೆ ದಾಟಬೇಕು. ದೋಣಿ ಭಾರವಾದರೆ ತಳ್ಳುವಷ್ಟರಲ್ಲೇ ಬಿಡುವು ಮುಗಿದಿರುತ್ತದೆ. ಇಷ್ಟು ವರ್ಷ ದೋಣಿ ಮಾಡಿದವನಿಗೆ ಇದು ತಲೆಗೆ ಹೋಗಿರಲಿಲ್ಲ ನೋಡಿ.

ಹೊಸದರ ಮೂತಿ ಎತ್ತರ, ಹಿಂಭಾಗ ಕಿರಿದು. ತಳ ಮುಂದಕ್ಕೂ ಹಿಂದಕ್ಕೂ ಬಾಳೆಕಾಯಿಯ ಹಾಗೆ ಚೂರು ಮೇಲೆದ್ದಿದೆ, ಮರಳ ಮೇಲೆ ತಿರುಗಿಸಲು ಸುಲಭ. ನಿಂತರೆ ಸ್ವಲ್ಪ ಓಲಾಡುತ್ತದೆ, ಇರಲಿ. ಮರಳು ಉಜ್ಜುವಲ್ಲಿ ಎರಡು ಪದರ ಮ್ಯಾಟ್ ಜಾಸ್ತಿ, ಅದರ ಕೆಳಗೆ ಸವೆದರೆ ಬದಲಿಸುವ ಮರದ ಪಟ್ಟಿ. ಸೀಟಿನ ಕೆಳಗೆ ಫೋಮ್, ನೀರು ತುಂಬಿದರೂ ತೇಲಲಿ ಅಂತ.

ಇಂಜಿನ್ ಬಗ್ಗೆ ಜಗಳವೇ ಆಯಿತು. 25 ಎಚ್‌ಪಿ ತೂಕ ಹಿಂಭಾಗವನ್ನು ಕೂರಿಸುತ್ತದೆ, ತೆರೆ ಹತ್ತುವುದೂ ಅಲ್ಲಿಂದಲೇ. 9.9 ಸಾಕು ಎಂದೆ. ಜೂನ್ 1ರಿಂದ ಜುಲೈ 31ರ ವರೆಗಿನ 61 ದಿನದ ಮೀನುಗಾರಿಕೆ ನಿಷೇಧದಲ್ಲೂ ವಿನಾಯಿತಿ ಇರುವುದು 10 ಎಚ್‌ಪಿ ಒಳಗಿನ ಸಣ್ಣ ದೋಣಿಗಳಿಗೆ. ಆದರೆ ತೆರೆ ಅತಿ ಜೋರಿರುವುದೂ ಆಗಲೇ, ಅದನ್ನೂ ಹೇಳಿದೆ. ಇಂಜಿನ್‌ನಿಂದ ಕೆಳಗೆ ಇಳಿಯುವ ಶಾಫ್ಟ್ 15 ಇಂಚಿನದು. ಮೊದಲಿನ ದೋಣಿಗೆ ಸ್ಟಾಕ್ ಇತ್ತೆಂದು 20 ಇಂಚಿನದು ಹಾಕಿದ್ದೆ, ಫ್ಯಾನ್ (ಪ್ರೊಪೆಲ್ಲರ್) ತಳಕ್ಕಿಂತ ತೀರಾ ಕೆಳಗೆ ಇಳಿದು ಮರಳು ಕಡಿಯುತ್ತಿತ್ತು.

ಇಳಿಸುವ ದಿನ ನಾನೂ ತಳ್ಳಲು ಹೋದೆ. ಅಣ್ಣ ಬಹಳ ಹೊತ್ತು ತೆರೆ ನೋಡಿದರು. ಬಾವನಿಗೆ ಬೀಡಿ ಆರಿಸಲು ಹೇಳಿದರು. "ಹ್ಞಾಂ, ಈಗ!" ನಾಲ್ಕು ಜನ ತಳ್ಳಿದೆವು. ನೀರು ಸೊಂಟಕ್ಕೆ ಬರುವಷ್ಟರಲ್ಲಿ ಇಬ್ಬರೂ ಹತ್ತಿದ್ದರು.