ಪುಟ್ಟ ಡೇಟಾಬೇಸ್ ಡೈರಿ: ಒಂದೇ ಪುಸ್ತಕ ಮೂರು ಸಲ

ಮೂರು ದಿನ ಸತಾಯಿಸಿದ ಬಗ್ ಇವತ್ತು ಸಿಕ್ಕಿತು.

ಬಿಡುವಿನಲ್ಲಿ ಬರೆಯುತ್ತಿರುವ ನನ್ನ ಡೇಟಾಬೇಸ್‌ನಲ್ಲಿ ಪರೀಕ್ಷೆಗೆಂದು ಎರಡು ಟೇಬಲ್ ಇಟ್ಟಿದ್ದೇನೆ: ಪುಸ್ತಕ, ಎರವಲು. ಒಮ್ಮೆಯಾದರೂ ಎರವಲು ಹೋದ ಪುಸ್ತಕ ಯಾವುವು ಅಂತ ‘ಇನ್’ ಸಬ್‌ಕ್ವೆರಿ (ಪ್ರಶ್ನೆಯೊಳಗೆ ಇನ್ನೊಂದು ಪ್ರಶ್ನೆ) ಹಾಕಿ ಕೇಳಿದರೆ, 7ನೇ ನಂಬರಿನ ಪುಸ್ತಕ ಮೂರು ಸಲ ಬರುತ್ತಿತ್ತು. ‘ಇನ್’ ಕೇಳುವುದು ಇದೆಯೋ ಇಲ್ಲವೋ ಅಂತ ಅಷ್ಟೇ. ಎಷ್ಟು ಸಲ ಇದೆ ಅನ್ನುವುದು ಅದಕ್ಕೆ ಬೇಡ. ಅದೇ ಡೇಟಾ ಎಸ್‌ಕ್ಯೂಎಲೈಟ್ ಅನ್ನುವ ಡೇಟಾಬೇಸ್‌ಗೆ ಹಾಕಿದೆ, ಒಂದೇ ಸಲ ಬಂತು.

ಮೊದಲು ಅನುಮಾನ ಬಂದದ್ದು ಸೆಮಿ ಜಾಯಿನ್ ಲೂಪ್ ಮೇಲೆ, ಅಂದರೆ ಎರಡನೇ ಟೇಬಲ್‌ನಲ್ಲಿ ಜೋಡಿ ಇದೆಯಾ ಅಂತ ಮಾತ್ರ ನೋಡುವ ಕೋಡ್ ಮೇಲೆ. ಒಂದು ಸಾಲು ಹೊಂದಿದ ಕೂಡಲೇ ಅದು ಮುಂದಿನ ಪುಸ್ತಕಕ್ಕೆ ಹೋಗಬೇಕು. ಅಲ್ಲೊಂದು ಪ್ರಿಂಟ್ ಹಾಕಿದರೆ, ಏನೂ ಬರಲಿಲ್ಲ. ಆ ಕೋಡ್ ಓಡುತ್ತಲೇ ಇರಲಿಲ್ಲ! ಎರಡು ದಿನ ಸುಮ್ನೆ ಅಲ್ಲೇ ಹುಡುಕಿದ್ದೆ. ಕ್ವೆರಿ ಹೇಗೆ ಓಡುತ್ತದೆ ಅಂತ ತೋರಿಸುವ ಎಕ್ಸ್‌ಪ್ಲೇನ್ ತೆಗೆದು ನೋಡಿದರೆ, ಆ ದಾರಿ ಆರಿಸುವ ಪ್ಲಾನರ್ ಸೆಮಿ ಜಾಯಿನ್ ಬಿಟ್ಟು, ಹೊಂದುವ ಪ್ರತಿ ಜೋಡಿಗೂ ಒಂದು ಸಾಲು ಕೊಡುವ ಮಾಮೂಲಿ ಜಾಯಿನ್ ಆರಿಸಿತ್ತು.

ಎರವಲು ಟೇಬಲ್‌ನ ಇಂಡೆಕ್ಸ್ (ಬೇಗ ಹುಡುಕಲು ಇಟ್ಟ ಸೂಚಿ) ಅಳಿಸಿದೆ. ಉತ್ತರ ಸರಿಯಾಯಿತು. ಮತ್ತೆ ಹಾಕಿದೆ, ಮೂರು ಸಲ. ಇದನ್ನು ನೋಡಿ ನಿಜಕ್ಕೂ ಬೇಜಾರಾಯಿತು. ಇಂಡೆಕ್ಸ್‌ನಿಂದ ವೇಗ ಬದಲಾಗಬಹುದು, ಉತ್ತರ ಬದಲಾಗಬಾರದು ಅಲ್ವಾ? ಆದರೆ ಸುಳಿವು ಸಿಕ್ಕಿದ್ದೂ ಅಲ್ಲೇ.

ಕಳೆದ ತಿಂಗಳು ಒಂದು ಒಳದಾರಿ ಬರೆದಿದ್ದೆ. ಸಬ್‌ಕ್ವೆರಿಯ ಕಾಲಂ ಯೂನಿಕ್ ಆಗಿದ್ದರೆ (ಒಂದೇ ಮೌಲ್ಯ ಎರಡು ಸಲ ಬರದಿದ್ದರೆ) ಒಂದು ಸಾಲಿಗೆ ಒಂದಕ್ಕಿಂತ ಜಾಸ್ತಿ ಜೋಡಿ ಸಿಗುವುದಿಲ್ಲ, ಆಗ ಮಾಮೂಲಿ ಜಾಯಿನ್ ಸಾಕು. ಈ ಯೋಚನೆ ಸರಿಯೇ. ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸ್‌ಗಳೂ ಯೂನಿಕ್ ಇಂಡೆಕ್ಸ್ ನೋಡಿ ಪ್ಲಾನ್ ಹಗುರ ಮಾಡಿಕೊಳ್ಳುತ್ತವೆ. ನಾನು ಎಡವಿದ್ದು ಪರಿಶೀಲನೆಯಲ್ಲಿ. ‘ಈ ಕಾಲಂ ಯಾವುದಾದರೂ ಯೂನಿಕ್ ಇಂಡೆಕ್ಸ್‌ನಲ್ಲಿ ಇದೆಯಾ’ ಅಂತ ಮಾತ್ರ ನೋಡುತ್ತಿದ್ದೆ. ನನ್ನ ಇಂಡೆಕ್ಸ್ ಇದ್ದದ್ದು ಪುಸ್ತಕದ ನಂಬರ್, ತಾರೀಖು ಎರಡೂ ಸೇರಿ. ಜೋಡಿಯಾಗಿ ಅವು ಯೂನಿಕ್, ಪುಸ್ತಕದ ನಂಬರ್ ಒಂದೇ ಅಲ್ಲ. 7ನೇ ಪುಸ್ತಕ ಮೂರು ಬೇರೆ ಬೇರೆ ತಾರೀಖಿಗೆ ಹೋಗಿತ್ತು, ಮೂರು ಸಾಲು ಬಂತು.

ಈಗ ಪ್ರಶ್ನೆಯನ್ನೇ ತಿರುಗಿಸಿದ್ದೇನೆ: ಇಂಡೆಕ್ಸ್‌ನ ಎಲ್ಲ ಕಾಲಂಗಳೂ ಜಾಯಿನ್‌ನ ಸಮ ಷರತ್ತಿನಲ್ಲಿ ಇವೆಯಾ? ಒಂದು ತಪ್ಪಿದರೂ ಸೆಮಿ ಜಾಯಿನ್ ಹಾಗೇ ಉಳಿಯುತ್ತದೆ. ಬದಲಾದದ್ದು ನಾಲ್ಕೇ ಸಾಲು ಕೋಡ್. ಜೊತೆಗೆ ಪ್ರತಿ ಕ್ವೆರಿಯನ್ನೂ ಇಂಡೆಕ್ಸ್ ಇಟ್ಟು ಒಮ್ಮೆ, ತೆಗೆದು ಒಮ್ಮೆ ಓಡಿಸಿ ಉತ್ತರ ಹೋಲಿಸುವ ಟೆಸ್ಟ್ ಬರೆದೆ.

ಯೂನಿಕ್ ಪರಿಶೀಲಿಸುವ ಇದೇ ಫಂಕ್ಷನ್ನನ್ನು, ಬೇಡವಾದ ಡಿಸ್ಟಿಂಕ್ಟ್ (ಒಂದೇ ಥರದ ಸಾಲುಗಳನ್ನು ಒಂದು ಮಾಡುವ ಆದೇಶ) ತೆಗೆದುಹಾಕುವ ಕಡೆಯೂ ಬಳಸಿದ್ದೇನೆ. ಅಲ್ಲಿ ನಲ್ (ಮೌಲ್ಯವೇ ಇಲ್ಲದ ಖಾಲಿ ಜಾಗ) ಕಾಟ ಬೇರೆ ಇದೆ. ಯೂನಿಕ್ ಕಾಲಂನಲ್ಲೂ ಎರಡು ನಲ್ ಇರಬಹುದು. ಜಾಯಿನ್‌ನಲ್ಲಿ ನಲ್ ಯಾವುದಕ್ಕೂ ಸಮ ಅಲ್ಲ, ಹಾಗಾಗಿ ತೊಂದರೆ ಇಲ್ಲ. ಡಿಸ್ಟಿಂಕ್ಟ್ ಮಾತ್ರ ಎರಡನ್ನೂ ಒಂದು ಮಾಡಬೇಕು. ಶನಿವಾರ ಅದಕ್ಕೆ ಕೈ ಹಾಕುತ್ತೇನೆ.