ಹೊಸ ಪೈಪಿಗೆ ಹಳೇ ಗಾಯ

ನಾನು ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಹನ್ನೊಂದು ವರ್ಷವಾಯ್ತು. ಗೇಟಿಗೆ ನೆಲ್ಲಿನ ಲಾರಿ ಬಂದರೆ ಸುಮ್ನೆ ಒಳಗೆ ಬಿಡುವ ಪದ್ಧತಿ ನಮ್ಮಲ್ಲಿಲ್ಲ. ಚೀಲಕ್ಕೆ ಚುಚ್ಚಿ ಕಾಳು ತೆಗೆಯಬೇಕು. ತೇವ ನೋಡಬೇಕು. ಅಂಗೈಯಲ್ಲಿ ತಿಕ್ಕಿ ಅಕ್ಕಿ ಒಡೆಯುತ್ತದಾ ಅಂತ ನೋಡಬೇಕು. ಆಮೇಲೆ ತೂಕ. 75 ಕೆಜಿ ಚೀಲದಲ್ಲಿ ಅರ್ಧ ಕೆಜಿ ಹೆಚ್ಚುಕಮ್ಮಿ ಆದರೂ ಮಾತಿಗೆ ಮಾತು ಬೆಳೆಯುತ್ತದೆ. ಅಂಥವನು ನನ್ನ ಸ್ವಂತ ಬೈಕು ರಿಪೇರಿಯಾಗಿ ಬಂದ ದಿನ ಏನೂ ನೋಡದೆ ಎರಡು ಕಡೆ ಸಹಿ ಹಾಕಿ ಬಂದೆ. ಮಿಲ್ಲಿನಲ್ಲಿ ಇದನ್ನು ಯಾರಿಗೂ ಹೇಳಿಲ್ಲ. ಹೇಳಿದರೆ ಹಮಾಲರು ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ.

ಡಿಸೆಂಬರ್ ಮೊದಲನೇ ವಾರ. ಕಾರಟಗಿಯ ಅಕ್ಕನ ಮನೆಯಿಂದ ವಾಪಸ್ ಬರುತ್ತಿದ್ದೆ. ಸುಗ್ಗಿಯಲ್ಲಿ ಸಿಂಧನೂರು ರಸ್ತೆಗೆ ಬಂದವರಿಗೆ ಗೊತ್ತಿರುತ್ತದೆ, ಅರ್ಧ ರಸ್ತೆ ಗಾಡಿಗೆ, ಅರ್ಧ ರಸ್ತೆ ನೆಲ್ಲಿಗೆ. ಹಗಲು ಹರವುತ್ತಾರೆ, ಸಂಜೆ ರಾಶಿ ಮಾಡಿ ತಾಡಪತ್ರಿ ಹೊದಿಸುತ್ತಾರೆ, ಗಾಡಿ ಹತ್ತದಿರಲಿ ಅಂತ ಸುತ್ತ ಕಲ್ಲು ಇಡುತ್ತಾರೆ. ಶ್ರೀರಾಮನಗರ ಇನ್ನೂ ದೂರ ಇತ್ತು. ಎದುರಿಗೆ ಬಂದ ಲಾರಿಯ ಲೈಟು ಕಣ್ಣಿಗೆ ಹೊಡೆಯಿತು. ನಾನು ಎಡಕ್ಕೆ ತಂದೆ. ಅಷ್ಟೇ, ಮುಂದಿನ ಚಕ್ರ ಕಲ್ಲಿಗೆ ಬಡಿದು ನಾನು ತಾಡಪತ್ರಿಯ ಮೇಲೆ ಬಿದ್ದೆ.

ರಾಶಿ ಕಾಯುತ್ತಿದ್ದ ಒಬ್ಬ ಅಜ್ಜಿ ಬ್ಯಾಟರಿ ಹಿಡಿದುಕೊಂಡು ಎದ್ದು ಬಂದಳು. ಮೊದಲು ತಾಡಪತ್ರಿಗೆ ಬೆಳಕು ಬಿಟ್ಟಳು. "ನೆಲ್ಲು ಚೆಲ್ಲಿಲ್ಲ ಬಿಡು" ಅಂದಳು. ಆಮೇಲೆ ನನ್ನ ಮುಖಕ್ಕೆ ಬಿಟ್ಟು, "ತಮ್ಮಾ, ಭಾಳ ಪೆಟ್ಟಾತೇನು?" ಅಂದಳು. ಮೊಣಕಾಲು ತರಚಿತ್ತು, ಕೈ ಉಳುಕಿತ್ತು. ನೆಲ್ಲಿನ ಮೇಲೆ ಬಿದ್ದಿದ್ದಕ್ಕೆ ಅಷ್ಟಕ್ಕೇ ಮುಗಿಯಿತು.

ಮರುದಿನ ಬೆಳಿಗ್ಗೆ ಗಾಡಿಯನ್ನು ಚೋಟಾ ಹಾಥಿಗೆ ಏರಿಸುವ ಮುಂಚೆ ಅಕ್ಕನ ಮಗ ಸುತ್ತ ತಿರುಗಿ ಹದಿನಾಲ್ಕು ಫೋಟೋ ಹೊಡೆದ. ನನಗೆ ಸಿಟ್ಟು ಬಂದಿತ್ತು. ಗಾಡಿ ಮುರಿದು ಬಿದ್ದಿದೆ, ಇವನಿಗೆ ಫೋಟೋದ ಚಿಂತೆ ಅಂತ. ಆ ಹದಿನಾಲ್ಕರಲ್ಲಿ ಒಂದು ಫೋಟೋ ಆಮೇಲೆ ನನ್ನನ್ನು ಉಳಿಸಿತು.

ಗಾಡಿ ಯಾವ ಕಂಪನಿಯದು, ಷೋರೂಮ್ ಯಾವುದು ಅಂತ ಹೇಳಲ್ಲ. 125 ಸಿಸಿ, ತಗೊಂಡು ಮೂರು ವರ್ಷ ನಾಲ್ಕು ತಿಂಗಳಾಗಿತ್ತು ಅಂತ ಇಟ್ಟುಕೊಳ್ಳಿ. ಇನ್ಶೂರೆನ್ಸ್ ಚಾಲ್ತಿಯಲ್ಲಿತ್ತು. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. 2018ರ ಸೆಪ್ಟೆಂಬರಿನಿಂದ ಹೊಸ ಬೈಕಿಗೆ ಐದು ವರ್ಷದ ಇನ್ಶೂರೆನ್ಸ್ ಕಡ್ಡಾಯ ಆಗಿದೆಯಲ್ಲ, ಅದು ಎದುರಿನವರಿಗೆ ಆಗುವ ಹಾನಿಗೆ ಮಾತ್ರ. ನಮ್ಮ ಗಾಡಿಯ ರಿಪೇರಿಗೆ ಬೇಕಾದ ಭಾಗವನ್ನು ಬೇರೆಯಾಗಿ ರಿನ್ಯೂ ಮಾಡಿಸುತ್ತಿರಬೇಕು. ನಮ್ಮ ಮಿಲ್ಲಿನಲ್ಲೇ ಮೂರು ಜನ "ಐದು ವರ್ಷ ಐತಲ್ಲ" ಅಂತ ಸುಮ್ಮನಿದ್ದಾರೆ.

ಷೋರೂಮಿನವರು ಎಲ್ಲ ನಾವೇ ನೋಡಿಕೊಳ್ಳುತ್ತೇವೆ ಅಂದರು. ಇನ್ಶೂರೆನ್ಸಿನ ಪರವಾಗಿ ಹಾನಿ ನೋಡುವ ಸರ್ವೇಯರ್ ಬಂದು ನೋಡಿಕೊಂಡು ಹೋದರಂತೆ, ನಾನಿರಲಿಲ್ಲ. ಹನ್ನೊಂದು ದಿನ ಬಸ್ಸಿನಲ್ಲಿ ಓಡಾಡಿದೆ. ಬಿಲ್ ಆಗಿದ್ದು 11,740 ರೂಪಾಯಿ. ಕಬ್ಬಿಣ, ಅಲಾಯ್ ಸಾಮಾನು 7,200. ಪ್ಲಾಸ್ಟಿಕ್ ಸಾಮಾನು 2,740. ಕೂಲಿ 1,800. ಮೂರು ವರ್ಷ ದಾಟಿ ನಾಲ್ಕರೊಳಗಿದ್ದರೆ ಲೋಹದ ಸಾಮಾನಿಗೆ ನೂರಕ್ಕೆ 25 ಸವಕಳಿ ಹಿಡಿಯುತ್ತಾರೆ, ಅಂದರೆ ಹಳೇದಾಗಿದೆ ಅಂತ ಅಷ್ಟು ಕಳೆದು ಕೊಡುತ್ತಾರೆ. ಪ್ಲಾಸ್ಟಿಕ್, ರಬ್ಬರಿಗೆ ಗಾಡಿ ಎಷ್ಟೇ ಹೊಸದಿರಲಿ 50. ಕೂಲಿಗೆ ಸವಕಳಿ ಇಲ್ಲ. ಮೇಲೆ ಕಡ್ಡಾಯವಾಗಿ 100 ರೂಪಾಯಿ ನಮ್ಮದು. ಹಾಗಾಗಿ ನನ್ನ ಪಾಲು 3,270, ಇನ್ಶೂರೆನ್ಸ್ ಕೊಟ್ಟಿದ್ದು 8,470. ಲೆಕ್ಕವನ್ನು ಎರಡು ಸಲ ಕೂಡಿಸಿ ನೋಡಿದೆ. ಪೈಸೆ ತಪ್ಪಿಲ್ಲ. ಅಲ್ಲೇ ಮೋಸಹೋದೆ ನೋಡಿ. ಲೆಕ್ಕ ಸರಿಯಿದ್ದರೆ ನನಗೆ ಮಾಲೂ ಸರಿಯಿದೆ ಅನ್ನಿಸಿಬಿಡುತ್ತದೆ.

ಗಾಡಿ ಕೊಟ್ಟಿದ್ದು ಸಂಜೆ ಏಳಕ್ಕೆ, ಷಟರ್ ಎಳೆಯುವ ಹೊತ್ತು. ತೊಳೆದು, ಟೈರಿಗೆ ಕಪ್ಪು ಪಾಲಿಶ್ ಹೊಡೆದು ಮಿಂಚುವ ಹಾಗೆ ಇಟ್ಟಿದ್ದರು. ಹುಡುಗ ಪೆನ್ನು ಚಾಚಿದ. "ಇಲ್ಲೊಂದು ಸರ್, ಇಲ್ಲೊಂದು." ಹಾಕಿದೆ. ಅದರಲ್ಲೊಂದು, ರಿಪೇರಿ ನನಗೆ ತೃಪ್ತಿಯಾಗಿದೆ ಅನ್ನುವ ಕಾಗದ.

ಸಿಬಿಎಸ್ ಸರ್ಕಲ್ ದಾಟುವಷ್ಟರಲ್ಲಿ ಗೊತ್ತಾಯ್ತು, ಹ್ಯಾಂಡಲ್ ಎಡಕ್ಕೆ ಎಳೆಯುತ್ತಿದೆ. ಹಂಪ್ ಏರಿ ಇಳಿದರೆ ಮುಂದಿನಿಂದ ಟಕ್ ಅನ್ನುತ್ತಿದೆ. ಹೆಡ್‌ಲೈಟ್ ರಸ್ತೆ ಬಿಟ್ಟು ಬೇವಿನ ಗಿಡಗಳ ತುದಿ ತೋರಿಸುತ್ತಿದೆ. ಮರುದಿನ ಹೋಗಿ ಹೇಳಿದೆ. "ಹೊಸಾ ಪಾರ್ಟ್ ಅದಾವ ಸರ್, ಸೆಟ್ ಆಗ್ಬೇಕು. ಒಂದ್ ಐನೂರು ಕಿಲೋಮೀಟರ್ ಓಡಸ್ರಿ" ಅಂದ ಅಡ್ವೈಸರ್. ಹೊಸ ಚಪ್ಪಲಿ ಕಚ್ಚುವುದಿಲ್ಲವೇ, ಹಾಗೇ ಇರಬೇಕು ಅಂತ ನಂಬಿದೆ.

ಹತ್ತು ದಿನವಾಗಿರಬೇಕು. ಮಿಲ್ಲಿನ ಹಿಂದೆ ತೌಡಿನ ಗೋಡೌನ್ ಪಕ್ಕ ಗಾಡಿ ನಿಲ್ಲಿಸುತ್ತೇನೆ. ಅಲ್ಲಿ ನಿಂತ ಯಾವ ಗಾಡಿಯ ಮೇಲಾದರೂ ತೌಡಿನ ಧೂಳು ಕೂರುತ್ತದೆ, ಊದಿದರೆ ಹಾರಿಹೋಗುತ್ತದೆ. ಅವತ್ತು ಮುಂದಿನ ಶಾಕಪ್ಪಿನ ಒಂದು ಪೈಪಿನ ಸುತ್ತ ಮಾತ್ರ ಧೂಳು ಹಾರಲಿಲ್ಲ. ಬೆರಳಿನಿಂದ ಒರೆಸಿದರೆ ಕಂದು ಬಣ್ಣದ ಮುದ್ದೆ, ಎಣ್ಣೆ ಕಲಸಿದ ತೌಡು. ಇನ್ನೊಂದು ಪೈಪು ಒಣಗಿಯೇ ಇತ್ತು.

ಗಾಡಿ ತಳ್ಳಿಕೊಂಡು ಮಿಸ್ತ್ರಿ ಚಾಚಾನ ಹತ್ತಿರ ಹೋದೆ. ಮಿಲ್ಲಿನ ಎದುರು ತಗಡಿನ ಅಂಗಡಿ, ಟ್ರ್ಯಾಕ್ಟರೂ ನೋಡುತ್ತಾನೆ, ಬೈಕೂ ನೋಡುತ್ತಾನೆ. ಮಾತು ಕಮ್ಮಿ. ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿಸಿ, ಹಿಂದೆ ನನ್ನನ್ನು ಕೂರಿಸಿ ಮುಂದಿನ ಚಕ್ರ ಎತ್ತಿಸಿದ. ಕೆಳಗೆ ಕೂತು ಎರಡೂ ಶಾಕಪ್ಪಿನ ಬುಡ ಹಿಡಿದು ಹಿಂದೆ ಮುಂದೆ ಜಗ್ಗಿದ. ಟಕ್, ಟಕ್. "ಕೋನ್ ಸೆಟ್ ಹಳೇದು" ಅಂದ. ಹ್ಯಾಂಡಲ್ ತಿರುಗುವ ಕಡೆ ಒಳಗಿರುವ ಬೇರಿಂಗಿಗೆ ಹಾಗನ್ನುತ್ತಾರೆ. ಹ್ಯಾಂಡಲನ್ನು ನನ್ನ ಕೈಗೆ ಕೊಟ್ಟು ನಿಧಾನಕ್ಕೆ ತಿರುಗಿಸು ಅಂದ. ನಡುವೆ ಒಂದು ಕಡೆ ಕುಣಿಯಲ್ಲಿ ಕೂತ ಹಾಗೆ ಸಿಕ್ಕಿಕೊಂಡು ಮುಂದೆ ಹೋಗುತ್ತಿತ್ತು. ಕಲ್ಲಿಗೆ ಬಡಿದಾಗ ಒಳಗಿನ ಗುಂಡುಗಳು ಬಟ್ಟಲಿಗೆ ಒತ್ತಿ ಗುಳಿ ಬಿದ್ದಿದೆ, ಹೊಸದು ಹಾಕಿದ್ದರೆ ಎಣ್ಣೆ ಹಚ್ಚಿದ ಬಾಗಿಲಿನ ಹಾಗೆ ತಿರುಗಬೇಕಿತ್ತು ಅಂತ ವಿವರಿಸಿದ.

ಆಮೇಲೆ ಎಣ್ಣೆ ಬಂದ ಪೈಪನ್ನು ಬಟ್ಟೆಯಿಂದ ಒರೆಸಿ, ಹೆಬ್ಬೆರಳಿನ ಉಗುರನ್ನು ಅದರ ಮೇಲೆ ನಿಧಾನಕ್ಕೆ ಮೇಲಿಂದ ಕೆಳಕ್ಕೆ ಎಳೆದ. ಒಂದು ಕಡೆ ಉಗುರು ನಿಂತಿತು. "ಹೊಸಾ ಪೈಪಿನ ಮ್ಯಾಲ ಉಗುರು ಜಾರ್ಬೇಕಪಾ. ಇದನ್ನ ಪ್ರೆಸ್ಸಿಗೆ ಕೊಟ್ಟು ಸೀದಾ ಮಾಡ್ಯಾರ. ಮೇಲಿನ ಕ್ರೋಮ್ ಒಡದೈತಿ. ಅದು ಸೀಲ್ ಕೊಯ್ತೈತಿ, ಆಯಿಲ್ ಬರ್ತೈತಿ. ಡಿಸ್ಕ್ ಕಡಿ ಪೈಪ್ ಐತಿ ನೋಡು, ಆಯಿಲ್ ಅದರ ಮ್ಯಾಲ ಇಳೀತಂದ್ರ ಬ್ರೇಕ್ ಹಿಡಿಯಂಗಿಲ್ಲ."

ಕೂತು ಕಣ್ಣಿಟ್ಟು ನೋಡಿದೆ. ಪೈಪಿನ ಒಳಬದಿಗೆ, ಚಕ್ರದ ಕಡೆ ಒಂದು ಗೀರು, ಅರ್ಕಾವತ್ತಿನ ಆಕಾರದ್ದು. ಎಲ್ಲೋ ನೋಡಿದ್ದೇನೆ ಅನ್ನಿಸಿತು. ಮೊಬೈಲ್ ತೆಗೆದು ಅಳಿಯ ಹೊಡೆದ ಫೋಟೋಗಳನ್ನು ಒಂದೊಂದಾಗಿ ದೊಡ್ಡದು ಮಾಡುತ್ತಾ ಹೋದೆ. ಒಂಬತ್ತನೆಯದರಲ್ಲಿ ಸಿಕ್ಕಿತು. ಅದೇ ಪೈಪು, ಎರಡೂ ಪೈಪನ್ನು ಹಿಡಿದಿಡುವ ಕೆಳಗಿನ ಟಿಯಿಂದ ಅದೇ ಎರಡು ಬೆರಳು ಕೆಳಗೆ, ಅದೇ ಅರ್ಕಾವತ್ತು. ಅವತ್ತು ಅದು ಮುಂದಕ್ಕಿತ್ತು. ಸೀದಾ ಮಾಡಿ, ಗೀರು ಕಾಣದ ಹಾಗೆ ಒಳಕ್ಕೆ ತಿರುಗಿಸಿ ಕೂರಿಸಿದ್ದಾರೆ. ಬಿಲ್ಲಿನಲ್ಲಿ ನೋಡಿದರೆ ಫೋರ್ಕ್ ಪೈಪ್, ಅಂದರೆ ಇದೇ ಶಾಕಪ್ಪಿನ ಪೈಪು, 2, ತಲಾ 1,050. ಇನ್ಶೂರೆನ್ಸಿನವರೂ ಕೊಟ್ಟಿದ್ದಾರೆ, ನಾನೂ ಕೊಟ್ಟಿದ್ದೇನೆ.

"ಚಾಚಾ, ಈಗಲೇ ಬಿಚ್ಚಿ ನೋಡೋಣ" ಅಂದೆ. ಚಾಚಾ ಪಾನಾ ಕೆಳಗಿಟ್ಟ. "ನಾ ಒಂದ್ ಬೋಲ್ಟ್ ಮುಟ್ಟಿದೆ ಅಂದ್ರ, ಹೊರಗಿನ ಮೆಕ್ಯಾನಿಕ್ ಕೆಡಿಸ್ಯಾನ ಅಂತಾರ. ಅವರ ಮುಂದ ಬಿಚ್ಚಸು." ಇಡೀ ಪ್ರಕರಣದಲ್ಲಿ ನನಗೆ ಸಿಕ್ಕ ಲಕ್ಷ ರೂಪಾಯಿ ಬೆಲೆಯ ಮಾತು ಇದು. ಫೀಸು ಕೇಳಲಿಲ್ಲ. ಅವನ ಹೆಂಡತಿ ಕೋಳಿ ಸಾಕಿದ್ದಾಳೆ, ಐದು ಕೆಜಿ ನುಚ್ಚು ಕಳಿಸು ಅಂದ.

ಷೋರೂಮಿಗೆ ಹೋಗಿ ಜಗಳಾಡಲಿಲ್ಲ. "ತೆಗೆದ ಹಳೇ ಸಾಮಾನು ತೋರಿಸ್ರಿ" ಅಂತ ಅಷ್ಟೇ ಕೇಳಿದೆ. ಮುರಿದ ಚಕ್ರ ಬಂತು, ಮಡ್‌ಗಾರ್ಡ್ ಬಂತು, ಒಡೆದ ಹೆಡ್‌ಲೈಟ್ ಬಂತು. ಪೈಪು ಬರಲಿಲ್ಲ, ಕೋನ್ ಸೆಟ್ ಬರಲಿಲ್ಲ. "ಗುಜರಿಗೆ ಹೋಗ್ಯಾವ ಸರ್" ಅಂದರು. ಚಕ್ರ ಹೋಗದೆ ಪೈಪ್ ಅಷ್ಟೇ ಹೇಗೆ ಹೋಯಿತು ಅಂದೆ. ಫೋಟೋ ತೋರಿಸಿದೆ. ಅಡ್ವೈಸರ್ ಒಳಗೆ ಹೋದವನು ಅರ್ಧ ಗಂಟೆ ಬರಲಿಲ್ಲ. ಬಂದು, ಸ್ಟಾಕ್ ಇರಲಿಲ್ಲ, ನೀವೇ ಅರ್ಜೆಂಟ್ ಅಂದಿರಲ್ಲ ಸರ್, ಬೇಕಾದರೆ ಸೀಲ್ ಬದಲಿಸಿಕೊಡ್ತೀವಿ ಅಂದ. ನಾನು ಅರ್ಜೆಂಟ್ ಅಂದಿದ್ದು ನಿಜ. ಹಳೇದನ್ನೇ ಹಾಕಿ ಹೊಸದರ ದುಡ್ಡು ತಗೊಳ್ಳಿ ಅಂದಿರಲಿಲ್ಲ.

ನಮ್ಮ ಮಿಲ್ಲಿಗೆ ಬೆಂಕಿ ವಿಮೆ ಮಾಡಿಸುವ ಏಜೆಂಟರು ಆ ವಾರ ಬಂದಿದ್ದರು. ಯಾರದೋ ಕಥೆ ಅನ್ನುವ ಹಾಗೆ ಕೇಳಿದೆ. ಅವರು ನಕ್ಕರು, ಯಾರದು ಅಂತ ಗೊತ್ತಾಗಿರಬೇಕು. ಕ್ಯಾಶ್‌ಲೆಸ್ ಅಂದರೆ ದುಡ್ಡು ಇನ್ಶೂರೆನ್ಸ್ ಕಂಪನಿಯಿಂದ ನೇರ ಗ್ಯಾರೇಜಿಗೆ ಹೋಗಿದೆ, ಹಾಗಾಗಿ ಮೋಸ ಅವರಿಗೂ ಆಗಿದೆ, ಮೊದಲು ಅವರಿಗೆ ಬರೆಯಿರಿ ಅಂದರು. ಅವರು ಕಿವಿಗೆ ಹಾಕಿಕೊಳ್ಳದಿದ್ದರೆ ವಿಮಾ ಕಂಪನಿಗಳ ಮೇಲೆ ಕಣ್ಣಿಡುವ ಐಆರ್‌ಡಿಎಐನ ದೂರಿನ ವೆಬ್‌ಸೈಟ್ ಬಿಮಾ ಭರೋಸಾ ಇದೆ, 155255ಕ್ಕೆ ಫೋನೂ ಮಾಡಬಹುದು. ತಿಂಗಳು ಕಾದರೂ ಉತ್ತರ ಬರದಿದ್ದರೆ ಬೆಂಗಳೂರಿನ ಜೆ.ಪಿ. ನಗರದಲ್ಲಿ ಇಂಥ ತಕರಾರು ತೀರ್ಮಾನಿಸುವ ವಿಮಾ ಓಂಬುಡ್ಸ್‌ಮನ್ ಇದ್ದಾರೆ, ಫೀಸಿಲ್ಲ. ಆದರೆ ಅವರು ಕೇಳುವುದು ಇನ್ಶೂರೆನ್ಸ್ ಕಂಪನಿಯನ್ನು ಮಾತ್ರ, ಗ್ಯಾರೇಜನ್ನಲ್ಲ. ಗ್ಯಾರೇಜಿನ ಮೇಲೆ ಹೋಗಬೇಕಾದರೆ ಕೊಪ್ಪಳದ ಜಿಲ್ಲಾ ಗ್ರಾಹಕರ ಆಯೋಗ. ಐದು ಲಕ್ಷದೊಳಗಿನ ವ್ಯವಹಾರಕ್ಕೆ ಅಲ್ಲೂ ಫೀಸಿಲ್ಲ, ಎರಡು ವರ್ಷದೊಳಗೆ ಹಾಕಬೇಕು. 1915 ಗ್ರಾಹಕರ ಸಹಾಯವಾಣಿ. ಇಷ್ಟನ್ನೂ ಹಳೇ ಬಿಲ್ಲಿನ ಹಿಂದೆ ಬರೆದುಕೊಂಡೆ.

ಸಹಿ ಹಾಕಿಬಿಟ್ಟಿದ್ದೇನಲ್ಲ ಅಂದೆ. ಗಾಡಿ ನೋಡಿ ತೃಪ್ತಿ ಅಂದಿದ್ದೀರಿ, ಒಳಗಿನ ಪೈಪ್ ಹಳೇದು ಅಂತ ನಿಮಗೆ ಹೇಳಿದ್ದರೇನು ಅಂದರು. ಅದೊಂದು ಮಾತಿಗೆ ಧೈರ್ಯ ಬಂತು.

ಮೇಲ್ ಬರೆದಿದ್ದು ಅಳಿಯ, ಹೇಳಿದ್ದು ನಾನು. ಬೈಗುಳ ಇಲ್ಲ, ಗೋಳೂ ಇಲ್ಲ. ಕ್ಲೇಮ್ ನಂಬರ್, ಷೋರೂಮಿನ ರಿಪೇರಿ ಜಾಬ್ ಕಾರ್ಡ್ ನಂಬರ್, ಬಿಲ್ಲಿನ ಸಾಲು, ಎರಡು ಫೋಟೋ ಪಕ್ಕ ಪಕ್ಕ. ಕೊನೆಗೆ ಒಂದೇ ಕೋರಿಕೆ: ನಿಮ್ಮ ಸರ್ವೇಯರ್ ಬರಲಿ, ಅವರ ಮುಂದೆ ಬಿಚ್ಚಲಿ. ಷೋರೂಮಿಗೂ ಅದರ ಪ್ರತಿ ಕಳಿಸಿದೆವು. ಗಾಡಿ ಓಡಿಸುವುದನ್ನು ನಿಲ್ಲಿಸಿದೆ. ಮತ್ತೆ ಬಸ್ಸು.

ಒಂಬತ್ತನೇ ದಿನ ಸರ್ವೇಯರ್ ಬಂದರು. ಈ ಸಲ ರಜೆ ಹಾಕಿ ನಾನೂ ಹೋದೆ. ಪೈಪ್ ಬಿಚ್ಚಿಸಿ, ಮ್ಯಾನೇಜರ್ ಟೇಬಲ್ಲಿನ ಗಾಜಿನ ಮೇಲಿದ್ದ ಫೈಲುಗಳನ್ನೆಲ್ಲ ಸರಿಸಿ, ಅದರ ಮೇಲೆ ಉರುಳಿಸಿದರು. ಸೀದಾ ಇದ್ದರೆ ಸದ್ದಿಲ್ಲದೆ ಉರುಳಬೇಕು. ಇದು ಲಟ್ಟಣಿಗೆ ಕುಂಟಿದ ಹಾಗೆ ಎದ್ದೆದ್ದು ಬಿತ್ತು. ನಡುವೆ ಒಂದು ಕಾಗದ ತೂರಿಸಿದರು, ಸಲೀಸಾಗಿ ಆಚೆ ಬಂತು. ಯಾರೂ ಮಾತಾಡಲಿಲ್ಲ. ಟೇಬಲ್ ಗಾಜಿಗೆ ಎಣ್ಣೆ ಹತ್ತಿತು ಅಂತ ಮ್ಯಾನೇಜರ್ ಟಿಶ್ಯೂ ಹುಡುಕುತ್ತಿದ್ದರು.

ನಾಲ್ಕು ದಿನಕ್ಕೆ ಹೊಸ ಪೈಪು, ಕೋನ್ ಸೆಟ್, ಸೀಲು ಬಂದವು. ಡಬ್ಬಿ ನನ್ನ ಮುಂದೆಯೇ ಒಡೆಯಿರಿ ಅಂದೆ. ಪಾರ್ಟ್ ನಂಬರು, ಎಂಆರ್‌ಪಿ ಇದ್ದ ಚೀಟಿಗಳನ್ನು ಕಿತ್ತು ಬಿಲ್ಲಿನ ಜೊತೆ ಪಿನ್ ಮಾಡಿಕೊಂಡೆ. ಹುಡುಗರು ನಗುತ್ತಿದ್ದರು, ನಗಲಿ. ಪೈಪ್ ಮೇಲೆ ಉಗುರು ಎಳೆದು ನೋಡಿದೆ. ಜಾರಿತು. ಬಸ್ಸಿಗೆ ಹೋದ ದುಡ್ಡು, ರಜೆ ಹಾಕಿದ ದಿನ ಯಾರೂ ಕೊಡಲಿಲ್ಲ. ಕೊಪ್ಪಳಕ್ಕೆ ಹೋಗಿದ್ದರೆ ಸಿಗುತ್ತಿತ್ತೋ ಏನೋ, ನನಗೆ ಸಾಕಾಗಿತ್ತು.

ಸಂಜೆ ಮತ್ತೆ ಅದೇ ಹುಡುಗ, ಅದೇ ಪೆನ್ನು. "ಇಲ್ಲೊಂದು ಸರ್."

"ಮೊದ್ಲ ಕೀ ಕೊಡು ತಮ್ಮಾ" ಅಂದೆ.

ಊರ ಹೊರಗೆ ಹೋಗಿ, ಬೇಕಂತಲೇ ಹಂಪ್ ಇರುವ ಕಡೆಯೆಲ್ಲ ಸುತ್ತಿ, ಕತ್ತಲಾದ ಮೇಲೆ ಬಂದೆ. ಷಟರ್ ಅರ್ಧ ಎಳೆದು ಕಾಯುತ್ತಿದ್ದರು. ಕಾಗದದಲ್ಲಿ ಸಹಿಯ ಮೇಲಿದ್ದ ಖಾಲಿ ಜಾಗದಲ್ಲಿ "ಹೆಡ್‌ಲೈಟ್ ಇನ್ನೂ ಮೇಲಕ್ಕೆ ಹೊಡೆಯುತ್ತಿದೆ" ಅಂತ ಬರೆದು ಸಹಿ ಹಾಕಿದೆ. ಹುಡುಗ ಅದನ್ನು ಎರಡು ಸಲ ಓದಿದ. ಸ್ಕ್ರೂಡ್ರೈವರ್ ತರಲು ಒಳಗೆ ಹೋದ.